ಒಂಬತ್ತು ವೋಲ್ಟಿನ ಚಿನ್ನ

ಮೊದಲು ಹೋದದ್ದು ಚಮಚ.
ಆಮೇಲೆ ಬಾಗಿಲ ಹಿಡಿ, ಕಾಫಿ ಕಾಸುವ ಹಿತ್ತಾಳೆ ಕುಡಿಕೆ,
ಬೆಕ್ಕಿನ ಕೊರಳ ಗಂಟೆ.
ಗ್ಯುಮ್ರಿಯ ಈ ಕರಿಕಲ್ಲಿನ ಮನೆಯಲ್ಲಿ
ಸುಮ್ಮನೆ ಕೂತ ಲೋಹಕ್ಕೆ ಉಳಿಗಾಲವಿಲ್ಲ;
ಕಾಲುಚೀಲದ ಕಾರ್ಖಾನೆ ಮುಚ್ಚಿದಂದಿನಿಂದ
ನನ್ನ ಮಿಹ್ರಾನ್ ಗಿಲೀಟಿನವನು.

ಅಡುಗೆಮೇಜಿನ ಅರ್ಧ ಅವನದು:
ಔಷಧದ ಸೀಸೆಯಷ್ಟು ದ್ರಾವಣ, ಆಟಿಕೆಯಿಂದ ಕಿತ್ತ ಬ್ಯಾಟರಿ,
ಕಪ್ಪು ತಂತಿ ಚಮಚಕ್ಕೆ, ಕೆಂಪು ತಂತಿ
ಅರಿವೆ ಸುತ್ತಿದ ಕುಂಚಕ್ಕೆ.
"ಮುಟ್ಟಬೇಡ!" ಎನ್ನುತ್ತಾನೆ ನಾನತ್ತ ಸುಳಿದರೆ ಸಾಕು,
"ಬೆರಳ ಜಿಡ್ಡು ತಾಕಿದಲ್ಲಿ ಚಿನ್ನ ಕೂರುವುದಿಲ್ಲ."
ನಲವತ್ತೊಂದು ವರ್ಷ
ಇದೇ ಬೆರಳು ನಾದಿದ ಹಿಟ್ಟು ತಿಂದವನು!

ಸೋಡಾದಲ್ಲಿ ತೊಳೆಯುತ್ತಾನೆ,
ಸೂಲಗಿತ್ತಿ ಎಳೆಗೂಸನ್ನು ಮೀಯಿಸಿದ ಹಾಗೆ.
ಮೊದಲು ನಿಕ್ಕಲ್ಲು, ತೆಳ್ಳಗೆ. ಅದಿಲ್ಲದಿದ್ದರೆ
ಅಡಿಯ ತಾಮ್ರ ಮೆಲ್ಲಗೆ ಮೇಲೇರಿ
ಒಳಗಿಂದೊಳಗೇ ಚಿನ್ನವನ್ನು ನುಂಗುತ್ತದಂತೆ.
(ಇದನ್ನವನು ಹೇಳಿದ್ದು ನನ್ನ ತಮ್ಮ ಊಟಕ್ಕೆ ಕೂತಾಗ.)
ಆಮೇಲೆ ಕುಂಚ. ಒಂದು ಸವರು, ಎರಡು ಸವರು,
ಕಾಮಾಲೆ ಹಿಡಿದಂತೆ ಹಳದಿ,
ಮತ್ತೆ ಬೆಳಗು.

ನೆರೆಯ ಸಿರಾನುಷ್ ತಂದಳು ಸಮೋವರಿನ ನಲ್ಲಿ,
ಪಾದ್ರಿಯ ಮಗ ತಂದ ಸೈಕಲ್ಲಿನ ಗಂಟೆ.
ಕೂಲಿಯೆಂದರೆ ಒಣ ಏಪ್ರಿಕಾಟು, ಅರ್ಧ ಕಿಲೋ,
ಅದರಲ್ಲೂ ಹುಳುಕು.
ಮನೆ ತುಂಬ ಅರಮನೆಯ ಚೂರುಗಳು;
ಒಲೆಗೆ ಮಾತ್ರ ಸೌದೆ ಸಾಲ.

ಒಂದನ್ನು ಬಚ್ಚಿಟ್ಟಿದ್ದೆ: ಅಲ್ಯೂಮಿನಿಯಂ ಲೋಟ.
ಭೂಮಿ ನಡುಗಿದ ಆ ಚಳಿಗಾಲ
ತಗಡಿನ ಡಬ್ಬಿಮನೆಯಲ್ಲಿ ಏಳು ಜನ
ಸರದಿಯಲ್ಲಿ ಬಿಸಿನೀರು ಕುಡಿದದ್ದು,
ಯಾರ ಸರದಿಯೆಂದು ಜಗಳವಾಡಿದ್ದೂ ಅದರಿಂದಲೇ.
ಕಿವಿ ಮುರಿದಿದೆ. ಸೊಂಟಕ್ಕೆ ನೆಗ್ಗು.

ಹುಡುಕಿ ತೆಗೆದ. ರಾತ್ರಿಯೆಲ್ಲ ದೀಪ ಆರಲಿಲ್ಲ.
ಬೆಳಗ್ಗೆ ನೋಡಿದರೆ ಮೇಜಿನ ಮೇಲೆ
ಹಾವು ಪೊರೆ ಬಿಟ್ಟಂತೆ ಸುಲಿದ ಹಳದಿ ಹಕ್ಕಳೆ,
ನಡುವೆ ಲೋಟ,
ಇದ್ದ ಹಾಗೇ, ಬೂದು.
"ಇದಕ್ಕೆ ಹಿಡಿಯುವುದಿಲ್ಲ ಕಣೇ. ಗಾಳಿ ತಾಕಿದ ಚಣವೇ
ತನ್ನ ಮೇಲೆ ತಾನೇ ಚರ್ಮ ಹೊದೆಯುತ್ತದೆ,"
ಎಂದ. ಸೋತವನ ದನಿಯಲ್ಲಿ ಅಷ್ಟು ಖುಷಿ
ನಾನೆಂದೂ ಕೇಳಿರಲಿಲ್ಲ.

ಮೂರು ಸಲ ತೊಳೆದು,
ಜಿಡ್ಡು ಬೆರಳಲ್ಲೇ ಹಿಡಿದು
ಚಹಾ ಅದರಲ್ಲೇ ಕೊಟ್ಟೆ.
ಹೊರಗೆ, ನೆಗ್ಗಿನ ಮೂಲೆಯಲ್ಲಿ,
ಒಂದು ಚುಕ್ಕೆ ಮಾತ್ರ ಇನ್ನೂ ಅಂಟಿತ್ತು.
ಉಗುರಲ್ಲಿ ಕೆರೆದೆ. ಬರಲಿಲ್ಲ.
ಬಿಟ್ಟೆ.