ಪೂರ್ವಕ್ಕೆ

ಅರ್ಹತೆ ಎಂಬ ಅಂಕಣದಲ್ಲಿ ಬರೆದೆ:
ಭೂಗೋಳದಲ್ಲಿ ಪದವಿ, ಲೀಡ್ಸಿನಲ್ಲಿ ಎರಡು ವರ್ಷ ನಗರ ಯೋಜನೆ,
ಕೌನ್ಸಿಲ್ ಕಚೇರಿಯಲ್ಲಿ ಮೂರು ಚಳಿಗಾಲದ ಅನುಭವ.
ಕೆಳಗೆ ಇನ್ನೊಂದು ಖಾನೆ:
ನಿಮ್ಮ ವೃತ್ತಿಪರ ತೀರ್ಮಾನಕ್ಕೆ ಒಂದು ನಿದರ್ಶನ ಕೊಡಿ,
ಸಾವಿರ ಪದ ಮೀರದಂತೆ.
ಹೆಸರಿನ ಬಾಲಕ್ಕೆ ನಾಲ್ಕು ಅಕ್ಷರ ಅಂಟಬೇಕಾದರೆ ಇಷ್ಟೆಲ್ಲ ಬೇಕು.

ನಿದರ್ಶನ: ಸ್ಕಾರ್ನ್‌ಬಿ, ಸೀ ಲೇನ್, ಮನೆ ನಂಬರ್ ಒಂಬತ್ತು.
ಒಂದರಿಂದ ಎಂಟರವರೆಗೆ ಮನೆಗಳಿಲ್ಲ.
ಇದ್ದವು. ನಕ್ಷೆಯಲ್ಲಿ ಇನ್ನೂ ಇವೆ.
ಇಲ್ಲಿಯ ದಡ ಬಂಡೆಯಲ್ಲ, ಹಿಮ ಸರಿದಾಗ ಬಿಟ್ಟುಹೋದ ಜೇಡಿ,
ವರ್ಷಕ್ಕೆ ಎರಡು ಮೀಟರ್ ಕುಸಿಯುತ್ತದೆ ಅಂತ ಲೆಕ್ಕ.
ಕೆಲವು ವರ್ಷ ಏನೂ ಇಲ್ಲ,
ಕೆಲವು ರಾತ್ರಿ ಐದು.

ಅರ್ಜಿದಾರರು ವಿಲ್ಫ್ ಸ್ಟಾಥರ್ಸ್, ಎಪ್ಪತ್ತೆಂಟು, ಏಡಿ ಹಿಡಿದು ಬದುಕಿದವರು.
ಕೋರಿಕೆ: ಮನೆಯನ್ನು ಹಿಂದಕ್ಕೆ ಸರಿಸಬೇಕು.
ಇಷ್ಟೇ ಅಗಲ, ಇಷ್ಟೇ ಕಿಟಕಿ, ಇದೇ ಒಂಬತ್ತು,
ಬ್ಲೆನ್‌ಕಿನ್‌ನ ಬಟಾಣಿ ಹೊಲದ ಮೂಲೆಗೆ,
ಇನ್ನೂರು ಮೀಟರ್ ಪಶ್ಚಿಮಕ್ಕೆ.

ಟೇಪು ಹಿಡಿದು ಹೋದೆ. ಇನ್ನೊಂದು ತುದಿ ಹಿಡಿಯಲು ಅವರೇ.
ಹಿಂಬಾಗಿಲಿನಿಂದ ಅಂಚಿಗೆ ಒಂಬತ್ತು ಮೀಟರ್ ನಲವತ್ತು.
"ಬೇಗ ಬರೆದುಕೋ ಹೆಸ್ಟರ್," ಅಂದರು,
"ಶಾಯಿ ಒಣಗುವಷ್ಟರಲ್ಲಿ ಕಮ್ಮಿಯಾದೀತು."
ಅಂಚಿನಾಚೆ, ಬರೀ ಗಾಳಿಯಲ್ಲಿ,
ಎಂಟನೇ ನಂಬರಿನವರ ಬಚ್ಚಲ ಕೊಳವೆ
ಏನನ್ನೂ ಸಾಗಿಸದೆ ಚಾಚಿಕೊಂಡಿತ್ತು.

ಹಳದಿ ನೋಟಿಸನ್ನು ದೀಪದ ಕಂಬಕ್ಕೆ ಕಟ್ಟಿದೆ.
ಇಪ್ಪತ್ತೊಂದು ದಿನ, ಆಕ್ಷೇಪಣೆ ಇದ್ದವರು ಸಲ್ಲಿಸಬಹುದು.
ಎರಡು ಬಂದವು.
ಒಂದು ಹೊಲದಾಚೆಯ ಹೊಸ ಮನೆಯವರದು:
ಸ್ಟಾಥರ್ಸ್ ಅಲ್ಲಿ ಬಂದು ಕೂತರೆ ನಮಗೆ ಸಮುದ್ರ ಕಾಣುವುದಿಲ್ಲ.
ನೋಟ ತಪ್ಪುವುದು ಪರಿಗಣಿಸತಕ್ಕ ಕಾರಣವಲ್ಲ,
ಮೊದಲ ವರ್ಷವೇ ಕಲಿಸುತ್ತಾರೆ ಅದನ್ನು.
ಇನ್ನೊಂದು ಪೆನ್ಸಿಲಿನಲ್ಲಿ, ಸಹಿ ಇಲ್ಲದ್ದು:
ಅವನಿಗೆ ಕೊಡುವುದಾದರೆ ಏಳನೇ ನಂಬರಿನ ನಮಗೆ ಯಾಕೆ ಕೊಡಲಿಲ್ಲ?

ಇದನ್ನು ಯಾವ ವರ್ಷವೂ ಕಲಿಸಿರಲಿಲ್ಲ.
ಹಳೆಯ ಕಡತ ತೆಗೆದೆ.
ಏಳರ ಅರ್ಜಿ ಬಂದಾಗ ಈ ನೀತಿ ಇರಲಿಲ್ಲ,
ನೀತಿ ಬಂದಾಗ ಏಳು ಇರಲಿಲ್ಲ.
ನಡುವೆ ಹದಿನಾಲ್ಕು ತಿಂಗಳು,
ನನ್ನ ಕುರ್ಚಿಯಲ್ಲಿ ಕೂತಿದ್ದವರ ದುಂಡನೆಯ ಷರಾ: ವಿಷಾದದೊಂದಿಗೆ.

ಹದಿನೇಳನೇ ದಿನ ಕಂಬ ಹೋಯಿತು, ನೋಟಿಸಿನ ಸಮೇತ.
ಕಾನೂನು ವಿಭಾಗದ ಪ್ರೂಡೆನ್ಸ್ ಫೋನು ಮಾಡಿದಳು:
ನಾಲ್ಕು ದಿನ ಕಮ್ಮಿ ಬಿದ್ದ ಪ್ರಕಟಣೆ ಊರ್ಜಿತವೇ?
ಅಳೆದೂ ಸುರಿದೂ ಇನ್ನೊಂದು ಕಟ್ಟಿದೆವು, ಈ ಸಲ ಬ್ಲೆನ್‌ಕಿನ್‌ನ ಗೇಟಿಗೆ.
ಮತ್ತೆ ಇಪ್ಪತ್ತೊಂದು ದಿನ.
ಅಷ್ಟರಲ್ಲಿ ಟೇಪು ಏಳೂವರೆ ಅಂದಿತು.

ವರದಿ ಬರೆಯಲು ಕೂತೆ. ಶಿಫಾರಸು: ಅನುಮತಿ.
ಷರತ್ತು ಒಂದು, ಹಳೆಯ ಮನೆ ಕೆಡವಿ ನೆಲವನ್ನು ಹುಲ್ಲಿಗೆ ಬಿಡತಕ್ಕದ್ದು.
ಷರತ್ತು ಎರಡು, ಮೂರು ವರ್ಷದೊಳಗೆ ಕೆಲಸ ಶುರುವಾಗತಕ್ಕದ್ದು.
ಎಲ್ಲ ಅನುಮತಿಗೂ ಹಾಕುವ ಮಾತು ಅದು, ನಾನು ಬರೆದದ್ದಲ್ಲ.
ಆಮೇಲೆ ಹೊಸ ಜಾಗದ ಚೆಕ್ಕುಬಂದಿ:
ಉತ್ತರಕ್ಕೆ ಬ್ಲೆನ್‌ಕಿನ್‌ನ ಬಟಾಣಿ,
ದಕ್ಷಿಣಕ್ಕೆ ಕಾಲುದಾರಿ,
ಪಶ್ಚಿಮಕ್ಕೆ ಹೊಸ ಮನೆಯವರ ದೊಡ್ಡ ಗಾಜು,
ಪೂರ್ವಕ್ಕೆ

ಅಂತ ಬರೆದು ಪೆನ್ನು ನಿಂತಿತು.
ಹೊಲ ಅನ್ನಲೇ? ಇವತ್ತಿಗೆ ನಿಜ.
ಇನ್ನೂರನ್ನು ಎರಡರಿಂದ ಭಾಗಿಸಿದರೆ ನೂರು ವರ್ಷ,
ನನ್ನದೇ ಲೆಕ್ಕ, ನನ್ನದೇ ಸಹಿ.
ಕೆಲವು ರಾತ್ರಿ ಐದು.

ಪತ್ರ ಕೊಡಲು ಹೋದಾಗ ಕೇಳಿದೆ,
ಅಡುಗೆಮನೆಯ ಕಿಟಕಿಯನ್ನು ಬೇರೆ ಕಡೆ ತಿರುಗಿಸುವುದಾದರೆ ಈಗಲೂ ತಿದ್ದಬಹುದು.
"ಪೂರ್ವಕ್ಕೇ ಇರಲಿ," ಅಂದರು ವಿಲ್ಫ್,
"ಯಾರಾದರೂ ಬರುತ್ತಿದ್ದಾರೆ ಅಂದರೆ
ಕಿಟಕಿಯಿಂದ ನೋಡುತ್ತಿರುವುದು ಮರ್ಯಾದೆ."

ಸಾವಿರ ಪದದಲ್ಲಿ ಇನ್ನೂ ಬಹಳ ಉಳಿದಿವೆ.
ನಾಳೆ ಹತ್ತನೇ ನಂಬರಿನವರು ಬರಹೇಳಿದ್ದಾರೆ.
ಬೂಟು ಇನ್ನೂ ಒಣಗಿಲ್ಲ.