ಖಾಲಿ ಕೊಕ್ಕೆ

ಕರೆಂಟು ಹೋಗಿ ಗಂಟೆಯಾಯಿತು, ಮ್ವಾಂಜಾ ಪೂರ್ತಿ ಕತ್ತಲು.
ದೀಪದ ಪಕ್ಕ ಮೂವತ್ತೆಂಟು ಪ್ರಯೋಗದ ಪುಸ್ತಕ.
ಇಪ್ಪತ್ತೊಂದು ತಿದ್ದಿದ್ದೇನೆ; ಎಲ್ಲರ ಲೋಲಕವೂ
ಯಾರೋ ಒಬ್ಬನ ಲೋಲಕ,
ದಶಾಂಶದ ಮೂರನೇ ಸ್ಥಾನದಲ್ಲೂ ಗೆಳೆತನ.

ಇಪ್ಪತ್ತೆರಡನೆಯದು ಕಬುಲಾಳದು.
ರಟ್ಟಿಗೆ ಮೀನಿನ ಹುರುಪೆ ಅಂಟಿದೆ.
ಪ್ರಶ್ನೆ ಎರಡು: ಸರಾಸರಿ ತೆಗೆದರೂ ಹೋಗದ ದೋಷಕ್ಕೆ
ಉದಾಹರಣೆ ಕೊಡಿ.
ಉಳಿದವರು ನಾನು ಬೋರ್ಡಿಗೆ ಬರೆದದ್ದನ್ನೇ ಬರೆದಿದ್ದಾರೆ:
ತುದಿ ಸವೆದ ಸ್ಕೇಲು, ಮುಂದೋಡುವ ಗಡಿಯಾರ.
ಇವಳದು ಬೇರೆ.

"ಮ್ವಾಲಿಮು,
ಕಿರುಂಬಾ ದಡದಲ್ಲಿ ಮಗೇಸಾನ ಸ್ಪ್ರಿಂಗ್ ತಕ್ಕಡಿ.
ಬಾಟಲಿ ಸಮೇತ ಸರಿಯಾಗಿ ಒಂದು ಕಿಲೋ ನೀರು
ನಮ್ಮ ಲ್ಯಾಬಿನಲ್ಲಿ ತೂಗಿಕೊಂಡು ಹೋದೆ.
ಅವನು ಚಹಾಕ್ಕೆ ಎದ್ದಾಗ ಕೊಕ್ಕೆಗೆ ಹಾಕಿದೆ.
ಐದು ಸಲ. ಐದು ಸಲವೂ 0.92.
ಅಂಥದೇ ಎರಡು ಬಾಟಲಿ ಹಾಕಿದರೆ 1.84.
ಕೊಕ್ಕೆ ಖಾಲಿಯಿದ್ದಾಗ ಮುಳ್ಳು ಸೊನ್ನೆಯ ಮೇಲೇ,
ಕೂದಲೆಳೆ ಆಚೀಚೆ ಇಲ್ಲ.
ಆದ್ದರಿಂದ ಇದು ಶೂನ್ಯ ದೋಷವಲ್ಲ.
ಸ್ಪ್ರಿಂಗು ಬಿರುಸು. ಮೀನು ಹೆಚ್ಚಿದಷ್ಟೂ ಸುಳ್ಳು ಹೆಚ್ಚು.
ಮಾಮಾಗೆ ಹೇಳಿದೆ.
ನನ್ನ ಕೈಗೆ ಯಾವತ್ತೋ ಗೊತ್ತು ಅಂದಳು."

ಬತ್ತಿ ಸ್ವಲ್ಪ ಏರಿಸಿದೆ.

ಪ್ರಶ್ನೆ ಮೂರು: ನಿಶ್ಚಲ ವಸ್ತುವೊಂದರ ಮೇಲಿನ ಬಲಗಳನ್ನು ಚಿತ್ರಿಸಿ.
ಈ ಊರಿನಲ್ಲಿ ಇದಕ್ಕಿಂತ ಸುಲಭದ ಪ್ರಶ್ನೆಯಿಲ್ಲ.
ಕಿಟಕಿ ತೆರೆದರೆ ಬಂಡೆಯ ಮೇಲೆ ಬಂಡೆ,
ಸರೋವರದ ನೀರಿನಲ್ಲೂ ಬಂಡೆಯ ಮೇಲೆ ಬಂಡೆ,
ಇನ್ನೇನು ಬಿತ್ತು ಅನ್ನುವಂತೆ,
ದೋಣಿ ಕಂಡುಹಿಡಿಯುವ ಮೊದಲಿನಿಂದ ಬೀಳದೆ.
ನಿಂತಿದೆ ಅಂದರೆ ತಳ್ಳುವವರಿಲ್ಲ ಅಂತಲ್ಲ ಮಕ್ಕಳೇ,
ಎಲ್ಲ ಕಡೆಯಿಂದಲೂ ತಳ್ಳುತ್ತಿದ್ದಾರೆ ಅಂತ:
ವರ್ಷವರ್ಷವೂ ಇದನ್ನು ಒಂದೇ ದನಿಯಲ್ಲಿ ಹೇಳುತ್ತೇನೆ.

ಕಬುಲಾ ಬಂಡೆ ಬರೆದಿಲ್ಲ.
ಬುಟ್ಟಿ ಹೊತ್ತ ಹೆಂಗಸು; ಅವಳ ಖಂಗಾದ ಅಂಚಿಗೆ
ಸಾಲಾಗಿ ಚುಕ್ಕೆಯನ್ನೂ ಇಟ್ಟಿದ್ದಾಳೆ.
ಕೆಳಕ್ಕೊಂದು ಬಾಣ: ಸಂಗಾರಾ ಮೀನು, ನಿಜವಾದ ಹದಿನಾಲ್ಕು ಕಿಲೋ.
ಮೇಲಕ್ಕೊಂದು: ನೆಲ.
ಎಡಕ್ಕೆ: ದೋಣಿಯ ಬಾಡಿಗೆ.
ಬಲಕ್ಕೆ: ಬೇರೆ ಯಾರು ಕೊಳ್ಳುತ್ತಾರೆ?
ಅಡಿಯಲ್ಲಿ ಗೆರೆ ಎಳೆದು, ಒಟ್ಟು ಬಲ ಸೊನ್ನೆ.
ಮಾಮಾ ಹನ್ನೊಂದು ವರ್ಷದಿಂದ ಅಲ್ಲೇ ಇದ್ದಾಳೆ.

ಈಗ ನನ್ನದೊಂದು ಅಳತೆ.

ಹೋದ ವರ್ಷ ಮಸಿಕಾ ಮಳೆ ನಿಂತ ಮೇಲೆ
ಮಗೇಸಾ ಈ ಬಾಗಿಲಿಗೇ ಬಂದಿದ್ದ,
ತಕ್ಕಡಿಯನ್ನು ಗೋಣಿಯಲ್ಲಿ ಸುತ್ತಿಕೊಂಡು, ಕೂಸಿನ ಹಾಗೆ.
ಸ್ಪ್ರಿಂಗು ಹೊಸದು, ಮುಳ್ಳು ಸೊನ್ನೆಗೆ ನಿಲ್ಲುತ್ತಿಲ್ಲ,
ಓದಿದವರು ನೀವು, ನೋಡಿ ಅಂದ.
ತಿರುಪು ತಿರುಗಿಸಿದೆ. ನಿಂತಿತು.
ನಾವಿಬ್ಬರೂ ಬಗ್ಗಿ ನೋಡಿ ಮೆಚ್ಚಿದೆವು.
ಎರಡು ಮೀನು ಕೊಟ್ಟ; ಈರುಳ್ಳಿ ಹಾಕಿ ಹುರಿದೆ.
ಒಂದೇ ಒಂದು ತೂಕದ ಕಲ್ಲನ್ನು
ನೇತುಹಾಕಿ ನೋಡಲಿಲ್ಲ.
ಖಾಲಿ ಕೊಕ್ಕೆ
ಎಷ್ಟು ಚೆನ್ನಾಗಿ ಸತ್ಯ ಹೇಳುತ್ತದೆ.

ಅಂಕ ಕೊಡಬೇಕು.
ಎರಡನೇ ಉತ್ತರದ ಅಂಕಿಗಳಿಗೆ ಏಕಮಾನ ಬರೆದಿಲ್ಲ:
ಅರ್ಧ ಅಂಕ ಕಳೆದೆ. ಅಷ್ಟರ ಮಟ್ಟಿಗೆ ನಾನು ಖಡಾಖಂಡಿತ.
ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ:
ಉಪಕರಣವನ್ನು ಕೊನೆಗೆ ರಿಪೇರಿ ಮಾಡಿದವರ ಹೆಸರು ಬಿಟ್ಟುಹೋಗಿದೆ.
ಬರೆದು, ತುಂಬಾ ಹೊತ್ತು ಬಿಟ್ಟು, ಕೆಳಗೆ:
ಕಟಬಾರೊ.

ಉಳಿದ ಹದಿನಾರು ಪುಸ್ತಕ ನಾಳೆಗಾಯಿತು.
ಲ್ಯಾಬಿನ ಬೀರುವಿನಿಂದ ತಂದ ಹಿತ್ತಾಳೆ ಕಲ್ಲು ಚೀಲದಲ್ಲಿದೆ,
ಒಂದು ಕಿಲೋ, ಅಂಗೈಗೆ ತಣ್ಣಗೆ.
ಬೆಳಿಗ್ಗೆ ಏಳಕ್ಕೆ ಕಿರುಂಬಾದ ದಾಲಾದಾಲಾ.
ನಿಂತ ಬಸ್ಸು ಜಗ್ಗನೆ ಹೊರಟಾಗ
ಕಾಲು ಮುಂದೆ ಹೋಗುತ್ತದೆ,
ಮೈ ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ.
ಮೊದಲನೆಯ ನಿಯಮ.
ಸರಳು ಹಿಡಿದುಕೊಳ್ಳಬೇಕು.