ದೋಣಿಯಲ್ಲಿ ಕೂತು ಎಣಿಸುವವನು

ನನ್ನ ಕೆಲಸ ಎಣಿಸುವುದು.
ಇಂಜಿನ್ ಆರಿಸಿ, ದೋಣಿಯಂಚಿಗೆ ಮೊಣಕೈ ಊರಿ,
ಅವಳು ಮುಳುಗಿದ ಜಾಗದ ಮೇಲೆ ಕಣ್ಣಿಟ್ಟು
ಒಂದು, ಎರಡು, ಮೂರು.

ಬ್ಲಫ್‌ನ ಈ ತಣ್ಣೀರಲ್ಲಿ ಪಾವಾ ಕೀಳಲು
ಬೆನ್ನಿಗೆ ಸಿಲಿಂಡರ್ ಕಟ್ಟುವಂತಿಲ್ಲ. ಕಾನೂನು.
ಎದೆಯಲ್ಲಿ ಹಿಡಿಸಿದಷ್ಟು ಗಾಳಿ, ಅಷ್ಟೇ ಬಂಡವಾಳ.
ಬಂಡೆಗೆ ಕಚ್ಚಿ ಕೂತ ನೀಲಿ ಚಿಪ್ಪಿನ ಜೀವವನ್ನು
ಎಬ್ಬಿಸಿ, ಚೀಲಕ್ಕೆ ಹಾಕಿ, ಮೇಲೆ ಬರುವಷ್ಟರಲ್ಲಿ
ಮುಗಿದಿರಬೇಕು ವ್ಯವಹಾರ.

ಹೋದ ಬೇಸಿಗೆ ತಿಯಾಹುಯಿಯಾ
ಎಪ್ಪತ್ತಾಗುವವರೆಗೆ ತಲೆ ಎತ್ತುತ್ತಿರಲಿಲ್ಲ.
ಒಮ್ಮೆ ಎಂಬತ್ತೊಂದು. ಅಂಗಿ ಕಳಚಿ ಹಾರಲು ನಿಂತಿದ್ದೆ,
ಅಷ್ಟರಲ್ಲಿ ಮೇಲೆದ್ದು ನಕ್ಕಳು, ಕೂದಲಲ್ಲಿ ಪಾಚಿ.
ಈ ಬೇಸಿಗೆ ಮೂವತ್ತೆಂಟು.
ದೋಣಿಗೆ ಜೋತುಬಿದ್ದು ಕೆಮ್ಮಿದಳು.
"ನೀರು ತುಂಬಾ ಕೊರೀತಿದೆ ಮಾವ" ಎಂದಳು.
ನೀರು ಹೋದ ವರ್ಷವೂ ಅಷ್ಟೇ ಕೊರೆಯುತ್ತಿತ್ತು.
ನಾನು ಉಸಿರೆತ್ತಲಿಲ್ಲ.

ಎತ್ತಲು ನನಗೆಲ್ಲಿದೆ ಮುಖ?
ಹದಿನಾಲ್ಕಕ್ಕೆ ಹಚ್ಚಿದ್ದನ್ನು ಐವತ್ತಕ್ಕೆ ಆರಿಸಿದವನು.
ಅದೂ ನಾನಾಗಿ ಅಲ್ಲ, ಇನ್ವರ್‌ಕಾರ್ಗಿಲ್ ಆಸ್ಪತ್ರೆಯಲ್ಲಿ
ಊದು ಎಂದು ಕೊಟ್ಟ ಕೊಳವೆಯನ್ನು ಊದಲಾಗದೆ.
ಈಗ ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು
ಗೋಡೆಯ ಫೋಟೋ ನೋಡುವ ನೆಪ.
ಅದಕ್ಕೇ ನಾನು ದೋಣಿಯಲ್ಲಿ, ಅವಳು ನೀರಲ್ಲಿ.

ಆದರೆ ನನ್ನದು ನಾರುತ್ತಿತ್ತು,
ಅಮ್ಮ ಬಾಗಿಲಲ್ಲೇ ಹಿಡಿಯುತ್ತಿದ್ದಳು.
ಇವಳದ್ದು ಮಾವಿನಹಣ್ಣಿನ ಪರಿಮಳ!
ಮಾವಿನ ಮರವನ್ನು ಕಂಡವರು ಈ ಊರಲ್ಲಿಲ್ಲ,
ಇಲ್ಲಿರುವ ಮರಗಳೆಲ್ಲ ಗಾಳಿಗೆ ಗೂನು.
ಬೆರಳುದ್ದದ ಗುಲಾಬಿ ಡಬ್ಬಿ
ಹೈಲೈಟರ್‌ಗಳ ಜೊತೆ ಮಲಗಿದರೆ ಟೀಚರಿಗೂ ತಿಳಿಯದು.
ಶಾಲೆಯ ಟಾಯ್ಲೆಟ್ಟಿನಲ್ಲಿ ಮೂವರಿಗೊಂದು ಬಾಗಿಲು,
ಒಬ್ಬಳು ಬಿಟ್ಟ ಮೋಡದೊಳಗೆ ಇನ್ನೊಬ್ಬಳ ನಗು.

ಒಂದು ಸಂಜೆ ಗಾಳ ಬಿಡಿಸುತ್ತ ಕೂತವಳು ಕೇಳಿದಳು:
"ಮಾವ, ನಿಂಗೂ ನಡುರಾತ್ರಿ ಎಚ್ಚರ ಆಗ್ತಿತ್ತಾ?
ದಿಂಬಿನಡಿ ಹುಡುಕುತ್ತೆ.
ನಾನು ಏಳೋ ಮೊದಲೇ ನನ್ನ ಕೈ ಎದ್ದಿರುತ್ತೆ."
ಹೌದು ಎಂದೆ. ಅಷ್ಟೇ ಎಂದೆ.
ಜೇಬಿನಿಂದ ಅದನ್ನು ತೆಗೆದು ತೋಳು ಬೀಸಿದಳು ನೀರಿಗೆ.
ಆಗ ಗದರಿದೆ: "ಅಲ್ಲಿಗಲ್ಲ! ಅದು ನಮ್ಮ ಉಗ್ರಾಣ!"
ಒಳಗೆ ಬ್ಯಾಟರಿ, ಒಳಗೆ ವಿಷದ ರಸ.
ಪಾವಾ ಏನು ಪಾಪ ಮಾಡಿತ್ತು?
ತುಕ್ಕು ಹಿಡಿದ ಬಿಸ್ಕತ್ತು ಡಬ್ಬಿಗೆ ಹಾಕಿ ಮುಚ್ಚಿದೆ.

ಮೊದಲ ವಾರ ಮನೆಯೆಲ್ಲ ಮುಳ್ಳು.
ತಮ್ಮನ ಚಮಚದ ಸದ್ದಿಗೆ ತಟ್ಟೆ ಹಾರಿತು.
ಪುಸ್ತಕ ಹಿಡಿದರೆ ಒಂದೇ ಪುಟ, ಒಂದು ಗಂಟೆ.
ನರ್ಸ್ ಫೆತು ತೋಳಿಗೆ ಪಟ್ಟಿ ಅಂಟಿಸಿ ಹೇಳಿದಳಂತೆ,
ಆಸೆ ಅಲೆಯ ಹಾಗೆ, ಏಳುತ್ತೆ, ಬೀಳುತ್ತೆ ಅಂತ.
"ಬ್ಲಫ್‌ನವಳಿಗೆ ಅಲೆ ಹೇಳಿಕೊಡ್ತಾಳೆ!" ಎಂದು ಇವಳ ಸಿಡುಕು.
ಆದರೂ ಅಡುಗೆಮನೆಯ ಗಡಿಯಾರದ ಕೆಳಗೆ ನಿಂತು
ಒಂದೊಂದು ಅಲೆಗೂ ಎಷ್ಟು ನಿಮಿಷವೆಂದು ಬರೆದಿಟ್ಟಳು
ಕರೆಂಟ್ ಬಿಲ್ಲಿನ ಹಿಂಬದಿ.
ಹನ್ನೊಂದನೆಯ ದಿನ ಗೆಳತಿಯ ಹುಟ್ಟುಹಬ್ಬ.
ಸೋತಳು.
ಬಂದು ಹೇಳಿದಳು, ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ.
ಏಳು ಸಲ ಬಿಟ್ಟು ಎಂಟು ಸಲ ಹಚ್ಚಿದವನು ನಾನು,
ನನ್ನ ಹತ್ತಿರ ಬೈಗುಳ ಉಳಿದಿರಲಿಲ್ಲ.
ಮತ್ತೆ ಒಂದರಿಂದ ಶುರು ಮಾಡಿದೆವು.

ಇವತ್ತು ಐವತ್ತೆರಡು.
ಎಪ್ಪತ್ತಲ್ಲ. ಐವತ್ತೆರಡು.
ಕೈಯಲ್ಲೊಂದು ಪಾವಾ. ಅಳತೆಪಟ್ಟಿಗೆ ಸರಿಯಾಗಿ ತುಂಬಿತು,
ಆದರೂ ಮೊದಲು ಸಿಕ್ಕಿದ್ದು ಕಡಲಿನದು,
ಹೋಗಿ ಬಂಡೆಯ ಮೇಲೆ ಕೂರಿಸಿ ಬಾ ಎಂದೆ.
ಗೊಣಗಿದಳು. ಕೆಮ್ಮಲಿಲ್ಲ.
ಎದೆ ತುಂಬ ಗಾಳಿ ಎಳೆದು ಹೋದಳು.

ಯಾಕೋ ಈ ಸಲ ನಾನೂ ಅವಳ ಜೊತೆ
ಉಸಿರು ಬಿಗಿಹಿಡಿದೆ.
ಹತ್ತೊಂಬತ್ತಕ್ಕೆ ನನ್ನದು ಮುಗಿಯಿತು.
ಏದುಸಿರಿನ ನಡುವೆಯೇ
ಇಪ್ಪತ್ತು,
ಇಪ್ಪತ್ತೊಂದು,